ಎರಡು ಲಕ್ಷ ಎಪ್ಪತ್ತು ಸಾವಿರ

ಪಿ.ಬಿ. ರಸ್ತೆಯ ಶೆಡ್ಡಿನಲ್ಲಿ
ನಿಂಗರಾಜ ತಾಡಪಾಲು ಸರಿಸಿದ: ಬೂದು ಬಣ್ಣದ ಸ್ಕಾರ್ಪಿಯೋ.
ಮೀಟರಿನಲ್ಲಿ ಎರಡು ಲಕ್ಷ ಎಪ್ಪತ್ತು ಸಾವಿರ.
ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು;
ಭಾಗಿಸಿ ನೋಡಿದೆ, ಮಂಡಕ್ಕಿ ಮೂಟೆ ಲೆಕ್ಕ ಬರೆದ ಕೈ:
ಹತ್ತೊಂಬತ್ತು ಸಾವಿರ ಸಲ ಹರಿಹರಕ್ಕೆ ಹೋದಂತೆ,
ಒಮ್ಮೆಯೂ ವಾಪಸು ಬಾರದೆ.

"ಹೈವೇ ಮ್ಯಾಲೇ ಓಡೈತಕ್ಕ, ಏನೂ ಸವದಿಲ್ಲ."

ದಾದಾಪೀರ್ ಮಾತಾಡಲಿಲ್ಲ.
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ ಬಗ್ಗಿದ
ಪಕ್ಕದ ಮನೆಯ ಜಗಳ ಕೇಳುವವನ ಹಾಗೆ.
ಆಯಿಲ್ ಮುಚ್ಚಳ ತೆಗೆದು ಹೊಗೆ ಮೂಸಿದ.
ಆಮೇಲೆ ಪೆಡಲು ತೋರಿಸಿದ:
ಬ್ರೇಕಿನ ರಬ್ಬರು ಬೋಳು,
ಆಕ್ಸಿಲರೇಟರಿನದು ಇನ್ನೂ ಗೀರುಗೀರು.
"ಮೀಟರ್ ತಿರುಗಿಸಿರಬೋದು, ಇದನ್ನ ತಿರುಗ್ಸಾಕ್ ಬರಲ್ಲ.
ಯಾರೋ ಹೆದರಿಕೊಂಡು ಓಡಿಸ್ಯಾರ."

ಯಾಕೆ ಹೆದರಿದ್ದರೋ.
ಹಿಂದಿನ ಸೀಟಿನ ಸಂದಿಯಲ್ಲಿ ಬೆರಳಿಗೆ ಸಿಕ್ಕಿತು
ಮಗುವಿನದೊಂದು ಕ್ಲಿಪ್ಪು, ಗುಲಾಬಿ ಚಿಟ್ಟೆ,
ಒಂದು ರೆಕ್ಕೆ ಇಲ್ಲ.
ಇದ್ದಲ್ಲಿಗೇ ತುರುಕಿಟ್ಟೆ.

ಟರ್ಬೊ ಹೋದರೆ ನಲವತ್ತು ಸಾವಿರ,
ಕ್ಲಚ್ಚು, ನಾಲ್ಕು ಟೈರು:
ಭಟ್ಟಿಯ ಒಂದು ಇಡೀ ಬೇಸಿಗೆ.
ಕೊಟ್ರೇಶಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು
ಒಂದೇ ಟೈರನ್ನು ಮೂರು ಸಲ ಒದ್ದ.
ಗಂಡಸರು ಹೀಗೇ ಯೋಚಿಸುತ್ತಾರೆ.
"ನಾಳೆ ಹೇಳ್ತೀವ್ರಿ" ಅಂದೆ ನಾನೇ.

ವಾಪಸು ಬರುವಾಗ ಒಂದೇ ಬೈಕು, ನಾಲ್ಕು ಜನ.
ಕಿರಿಯವನು ಟ್ಯಾಂಕಿನ ಮೇಲೆ,
ನನ್ನ ಮಂಡಿ ಲಾರಿಗಳ ಕಡೆಗೆ ಚಾಚಿ.
ಗಾಂಧಿ ಸರ್ಕಲ್ ಸಿಗ್ನಲ್ಲಿನಲ್ಲಿ, ಹೊಗೆಯಲ್ಲಿ,
ಯಾರೂ ಏನೂ ಕೇಳದಿದ್ದರೂ
ನಡುವೆ ಅಮುಕಿಕೊಂಡಿದ್ದ ಹಿರಿಯವಳು ಅಂದಳು:
"ಕಿಟಕಿ ನಂದು."