ಎರಡು ಬೆರಳು

ಒಂದು ಬೆರಳೆತ್ತಿದರೆ ನೀರು.
ಎರಡಾದರೆ ಚಹಾ, ಸಕ್ಕರೆ ಇಲ್ಲದ್ದು.
ಅಂಗೈ ಗಾಳಿಯಲ್ಲಿ ಮಗುಚಿದರೆ ಫೈಲು.
ಮುಷ್ಟಿ ಕಿವಿಯ ಹತ್ತಿರ ಹೋದರೆ,
ಬೇಸರವಾಗಿದೆ, ಫೋನು ಬಂದಿದೆ ಅಂತ ಬಂದು ಹೇಳು.
ಇಪ್ಪತ್ತೆರಡು ವರ್ಷ ಪುಣೆಯ ಈ ಸಭಾಗೃಹದಲ್ಲಿ
ನಾನು ಓದಿದ ಅಕ್ಷರ ಇಷ್ಟೇ.

ಹೆಸರು ಮಲಕಪ್ಪ, ಆಳಂದದ ಕಡೆಯವನು.
ಇಲ್ಲಿ ಎಲ್ಲರಿಗೂ ಮಾಮಾ.
ಒಂಬತ್ತು ಮೇಯರುಗಳ ಕಪ್ಪು-ಬಸಿ ಎತ್ತಿದ್ದೇನೆ.
ಯಾರ ಹಲ್ಲು ಬಿಸಿ ತಾಳುವುದಿಲ್ಲ,
ಯಾರು ಸಿಟ್ಟು ಬಂದಾಗ ಬಿಸ್ಕತ್ತು ಮುರಿಯುತ್ತಾರೆ,
ಕೇಳಿದರೆ ಹೇಳುತ್ತೇನೆ.

ಆ ದಿನ ನಿಂತವರು ಮೂವರು.
ಮೊದಲ ಸುತ್ತಿನಲ್ಲಿ ಯಾರೂ ಅರ್ಧ ದಾಟಲಿಲ್ಲ.
ಕಡೆಯವರು ತಾಂಬೋಳಿ ಬಾಯಿ, ಮೂವತ್ತೊಂದು ಕೈ,
ಪಟ್ಟಿಯಿಂದ ಅವರ ಹೆಸರು ಹೊಡೆದರು.
ಅವರು ಪರ್ಸಿನಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಂಡು
ಕಿಟಕಿಯಾಚೆ ನೋಡುತ್ತ ಕೂತರು.
ಆ ಮೂವತ್ತೊಂದಕ್ಕೆ ಆಗ ಬಂತು ನೋಡಿ ಬೆಲೆ!
ಒಂದು ಗಂಟೆ ಅಂದಿದ್ದ ಊಟದ ಬಿಡುವು ಮೂರಾಯಿತು.
ಬಾಲ್ಕನಿಯಲ್ಲಿ ಪಿಸುಮಾತು, ಲಿಫ್ಟಿನಲ್ಲಿ ಪಿಸುಮಾತು,
ಶೌಚಾಲಯದಲ್ಲಿ ನಲ್ಲಿ ಬಿಟ್ಟು
ಅದರ ಸದ್ದಿನಡಿ ಪಿಸುಮಾತು.
ನೀರು ಸುಮ್ಮನೆ ಹರಿಯುತ್ತಿತ್ತು.
ನಮ್ಮ ಗಲ್ಲಿಗೆ ಅದು ಬರುವುದು ನಸುಕಿನ ಮೂರೂವರೆಗೆ,
ಆರನೆಯ ಕೊಡ ತುಂಬುವುದರೊಳಗೆ
ಕೆಮ್ಮಿ ನಿಲ್ಲುತ್ತದೆ.

ಸಮಸಮ ಬಿದ್ದರೆ ಚೀಟಿ ಎತ್ತಬೇಕೆಂದು
ಪಾಲಿಕೆಯ ಶಾಲೆಯಿಂದ ಹುಡುಗಿಯೊಬ್ಬಳನ್ನು ಕರೆಸಿದ್ದರು.
ಎರಡು ಜಡೆ, ಕೆಂಪು ರಿಬ್ಬನ್ನು,
ಬೆಳಗಿನಿಂದ ಹೊರಗಿನ ಬೆಂಚಿನ ಮೇಲೆ
ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು.
"ಇದನ್ನು ಸ್ವಚ್ಛ ಇಡಬೇಕಂತೆ, ಬಾಯಿ ಹೇಳಿದ್ದಾರೆ."
ಬಿಸ್ಕತ್ತನ್ನು ಎಡಗೈಯಲ್ಲೇ ತಿಂದಳು.

ಎರಡನೆಯ ಸುತ್ತು.
ನಿಮ್ಹಣ ಬಾಯಿಯ ಪರ ಇರುವವರು ಕೈ ಎತ್ತಿ.
ಎದ್ದವು. ಉಂಗುರದ ಕೈ, ಕೆಂಪು ದಾರದ ಕೈ,
ನಿನ್ನೆಯವರೆಗೆ ಇನ್ನೊಬ್ಬರ ಹೆಗಲ ಮೇಲಿದ್ದ ಕೈ.
ಕಾರ್ಯದರ್ಶಿ ಪೆನ್ನಿನ ತುದಿಯಿಂದ ಗಾಳಿ ಚುಚ್ಚುತ್ತ ಬಂದರು:
ಎಪ್ಪತ್ತೆಂಟು, ಎಪ್ಪತ್ತೊಂಬತ್ತು...

ಹಿಂದಿನ ಸಾಲು, ಕಂಬದ ಮರೆ, ಖಳದಕರ್ ಆಬಾ.
ಎಂಬತ್ತಮೂರು ವಯಸ್ಸು, ಕಿವಿಯ ಯಂತ್ರ ಕಿಸೆಯಲ್ಲಿ.
ತಾಂಬೋಳಿಗೆ ಕೊಟ್ಟ ಮಾತು ತಾಂಬೋಳಿ ಜೊತೆ ಮುಗೀತು,
ಇನ್ನು ಯಾರಿಗೂ ಎತ್ತುವುದಿಲ್ಲ ಎಂದು
ಊಟದ ಹೊತ್ತಿನಲ್ಲಿ ನನ್ನೆದುರೇ ಅಂದಿದ್ದರು.
ಈಗ ನಿದ್ದೆ ತಿಳಿದು ಕಣ್ಣುಜ್ಜಿದರು,
ಅತ್ತಿತ್ತ ಹುಡುಕಿದರು,
ನನ್ನನ್ನು ಕಂಡರು,
ಎತ್ತಿದರು.

ಎರಡು ಬೆರಳು.

ಪೆನ್ನು ಅಲ್ಲಿಗೂ ಹೋಯಿತು. ಎಂಬತ್ತು.
ಘುಲೆಯವರಿಗೆ ಎಪ್ಪತ್ತೊಂಬತ್ತು.

ಆ ಕೈ ಕರೆದದ್ದು ನನ್ನನ್ನು.
ಅಷ್ಟು ಜನರಲ್ಲಿ ಅದು ಗೊತ್ತಿದ್ದವನು ನಾನೊಬ್ಬ,
ಟ್ರೇ ಎದೆಗೆ ಅವುಚಿ ಬಾಗಿಲ ಬಳಿ ನಿಂತವನು.
ಮಾತು ಗಂಟಲವರೆಗೆ ಬಂತು. ಅಲ್ಲಿ
ಪಿಂಚಣಿಗೆ ಉಳಿದ ಹದಿನಾಲ್ಕು ತಿಂಗಳು
ಅಡ್ಡ ಕೂತಿದ್ದವು ಎಂದು ಹೆಂಡತಿಗೆ ಹೇಳಿದ್ದೇನೆ.
ಅದೂ ಪೂರ್ತಿ ನಿಜವಲ್ಲ.
ಯಾರೂ ಕೇಳಲಿಲ್ಲ, ಅಷ್ಟೇ.
ಕೇಳದೆ ಆ ಕೋಣೆಯಲ್ಲಿ ನಾನು ಆಡಿದ ಮಾತು
ಇಪ್ಪತ್ತೆರಡು ವರ್ಷದಲ್ಲಿ ಒಂದೂ ಇಲ್ಲ.

ಗುಲಾಲು ಹಾರಿತು. ಕೆಳಗೆ ರಸ್ತೆಯಲ್ಲಿ ಢೋಲು.
ಚಹಾ ಒಯ್ದೆ, ಸಕ್ಕರೆ ಇಲ್ಲದ್ದು.
ಆಬಾ ಬಸಿಗೆ ಸುರಿದು, ತೇಲಿದ ಗುಲಾಲು ಊದಿ ಸರಿಸಿ ಕೇಳಿದರು:
"ಯಾರು ಬಂದರೋ ಮಾಮಾ?"
ಕಿವಿಗೆ ಬಾಯಿ ಹಚ್ಚಿ ಹೇಳಿದೆ.
"ಹೌದಾ" ಅಂದರು. ಸುರ್ರೆಂದು ಎಳೆದರು.
"ಇವತ್ತು ಶುಂಠಿ ಹೆಚ್ಚಾಗಿದೆ."

ಹೊರಗೆ ಬೆಂಚಿನ ಮೇಲೆ ಅವಳಿನ್ನೂ ಇದ್ದಳು.
"ನನ್ನ ಕರೀತಾರಾ?"
ಇಲ್ಲವ್ವ. ಬೇಕಾಗಲಿಲ್ಲ.
ಅವಳು ಬಲಗೈಯನ್ನು ಒಮ್ಮೆ ನೋಡಿಕೊಂಡಳು,
ಆಮೇಲೆ ಅದನ್ನು ಗೋಡೆಗೆ ಒತ್ತಿ
ಮೆಟ್ಟಿಲು ಮುಗಿಯುವವರೆಗೂ
ಸುಣ್ಣ ಒರೆಸುತ್ತ ಓಡಿದಳು.