ಕಣಿಕಿ ಗೋಡಿ

ಖೋಲಿ ಲಾರಿ ಮ್ಯಾಲ ಬಂತು, ತಾರಿಹಾಳದಿಂದ,
ಕಿಡಕಿಗೆ ಆಗಲೇ ಚಿಲಕ,
ಬಾಗಿಲಿಗೆ ಆಗಲೇ ನಂಬರು: ಹದಿನಾಲ್ಕು.
ಕ್ರೇನು ಎತ್ತಿದಾಗ ನಾವು ಹನ್ನೊಂದು ಹುಡುಗ್ಯಾರು
ಬೇವಿನ ಗಿಡದ ಬುಡಕ್ಕ, ಟ್ರಂಕಿನ ಮ್ಯಾಲ ಕೂತು ನೋಡಿದಿವಿ,
ನಮ್ಮ ಎರಡು ವರ್ಷ ಗಾಳ್ಯಾಗ ತೂಗಾಡೋದನ್ನ.

"ಗೋಡಿ ಎದರದು?" ಹುಲಿಗೆವ್ವ ಬೆರಳ ಮಡಚಿ ಬಡದು ಕೇಳಿದಳು.
ಜೋಳದ ದಂಟು, ಹತ್ತಿಕಟಗಿ,
ಪುಡಿಮಾಡಿ ಅಂಟು ಕಲಿಸಿ ಒತ್ತಿದ್ದು
ಅಂದರು ಇಂಜಿನಿಯರ್ ಮೇಡಂ, ಕೊರಳು ಎತ್ತಿ.
"ಅಂದ್ರ ಕಣಿಕಿ. ನಮ್ಮನಿ ಬಣಿವಿ.
ಬಣಿವಿ ಬಿಟ್ಟು ಎಂ.ಎಸ್ಸಿ. ಮಾಡಾಕ ಧಾರವಾಡಕ್ಕ ಬಂದ್ರ
ನನಗಿಂತ ಮೊದಲ ಬಂದು ಕೂತೈತಲ್ರೀ!"

ಆ ರಾತ್ರಿ ಗವಳಿ ಗಲ್ಲಿ ಎಮ್ಮಿ ಒಂದು
ಇನ್ನೂ ಜೋಡಸದ ಹಲಗಿಯ ಮೂಲಿ ತಿಂದು ಹೋತು.
ಮುಂಜಾನೆ ಟೇಪು ಹಿಡದು ಅಳದರು:
ಒಂದು ಗೇಣು, ನಾಕು ಬೆರಳು.
ವರದಿಯೊಳಗ 'ಸಾಗಾಟದಲ್ಲಿ ಹಾನಿ' ಅಂತ ಬರದರು,
ಮೂಲಿಗೆ ತಗಡು ಬಡದರು.
ಆ ತಗಡಿನ ಮಗ್ಗಲಕ್ಕ ನನ್ನ ಮಂಚ.

ಮೊದಲ ಇದ್ದದ್ದು ಕಲ್ಯಾಣನಗರದಾಗ, ಒಬ್ಬರ ಮಾಳಿಗಿ ಮ್ಯಾಲಿನ ಶೆಡ್ಡು.
ಏಪ್ರಿಲಿನ್ಯಾಗ ಅಲ್ಲಿ ಮೇಣಬತ್ತಿ ಹಚ್ಚದನ ಕರಗಿತ್ತು.
ಇಲ್ಲಿ ಮಧ್ಯಾಹ್ನಕ್ಕ ಗೋಡಿಗೆ ಬೆನ್ನು ಹಚ್ಚಿದರ ತಂಪು,
ಜಳಕದ ನೀರು ಹಿಂದಿನ ಪಪ್ಪಾಯಿಗೆ,
ಹದಿನೈದನೇ ಖೋಲಿ ತಾಜಬಿ ಸೀನಿದರ
ಹದಿನಾಲ್ಕರಾಗಿನ ನಾವು "ಶತಾಯುಷಿ" ಅಂತಿದ್ದಿವಿ.
ಮೊದಲ ಮಳಿಗೆ ಗೋಡಿ ನಾರತಿತ್ತು,
ಹುಲಿಗೆವ್ವ ಅದಕ್ಕ ಮೂಗು ಹಚ್ಚಿ ನಿಂತು
ಯಾರ ಜೋಡಿನೂ ಮಾತಾಡತಿರಲಿಲ್ಲ.

ಪರೀಕ್ಷೆ ಮುಗಿದ ಮೂರನೇ ದಿನ ಪಾನಾ ಹಿಡದು ಬಂದರು.
ಖೋಲಿ ಗದಗಿಗೆ ಬೇಕಂತ.
ಮೂವತ್ತೆರಡು ಬೋಲ್ಟು, ಎರಡು ತಾಸಿನ ಕೆಲಸ.
ಸಂಜೀಕ ಅಲ್ಲಿ ಬರೇ ಕೆಂಪು ಮಣ್ಣು,
ನಾಕು ಕಲ್ಲು, ಕಾಯಿ ಹಿಡದ ಪಪ್ಪಾಯಿ.

ಒಂದು ಬೋಲ್ಟು ನನ್ನ ಚೀಲದಾಗ ಉಳೀತು.
ಉಳೀತು ಅಂದರ ಸುಳ್ಳು. ಇಟಗೊಂಡೆ.

ಈಗ ರಾಣೇಬೆನ್ನೂರಿನ್ಯಾಗ ಬೀಜದ ಕಂಪನಿ,
ಒದ್ದಿ ಕಾಗದದ ಮ್ಯಾಲ ಮೊಳಕಿ ಎಣಸೋ ಕೆಲಸ.
ಹಾಳಿ ಹಾರದಂಗ ಬೋಲ್ಟು ಟೇಬಲ್ ಮ್ಯಾಲ ಕೂತೈತಿ.
ಗಾಳಿ ಜೋರಾದ ದಿನ ಅನಸತೈತಿ:
ಗದಗಿನ್ಯಾಗ ಆ ತಗಡಿನ ಮಗ್ಗಲಕ್ಕ ಯಾವಾಕಿ ಮಲಗ್ಯಾಳೋ,
ಮೂಲಿ ಯಾಕ ಕಟಕಟ ಅಂತೈತಿ ಅಂತ
ಎದ್ದು ಲೈಟು ಹಾಕಿ ನೋಡತಾಳೋ ಏನೋ.
ಮೂವತ್ತೊಂದು ಸಾಕಾಗತಾವೇನ್ರೀ ಅಂತ ಕೇಳಾಕ
ನಿನ್ನಿ ಮೇಡಂಗೆ ಫೋನು ಹಚ್ಚಿದೆ.
ಎರಡು ಸಲ ಗಂಟಿ ಹೊಡೀತು. ಇಟ್ಟೆ.