ಯಾವ ಕಾಗಿ

ಮಾಳಿಗಿಯ ಮೇಲೆ ಸಂಡಿಗಿ ಹರವುತ್ತಿದ್ದ ಅವ್ವನ
ಬೈತಲೆಗೆ ಸರಿಯಾಗಿ
ಕಾಗಿಯೊಂದು ಕಾಲೂರಿ ಹೋಯಿತು.
ಅಷ್ಟೇ. ಗಾಯ ಇಲ್ಲ, ರಕ್ತ ಇಲ್ಲ,
ಸೆರಗು ಜಾರಿದ ಒಂದು ಗಳಿಗೆ.

ಅಂಬವ್ವಜ್ಜಿಗೆ ಮಾತ್ರ ಮನೆಯೇ ಅಲುಗಿತು.
ಗೂಗಿಗೆ ಕಲ್ಲು ಒಗೆದರೆ
ಅದು ಆ ಕಲ್ಲನ್ನೇ ಒಯ್ದು ಹಳ್ಳದಲ್ಲಿ ತೇಯುತ್ತದೆ,
ಕಲ್ಲು ಸವೆದಂತೆ ಒಗೆದವನೂ ಸವೆಯುತ್ತಾನೆ ಅನ್ನುವಾಕೆ.
ಟಿಟವಿ ದಿಬ್ಬದ ಮೇಲೆ ತತ್ತಿ ಇಟ್ಟ ವರ್ಷ
ಕಾಳಿನ ಚೀಲಗಳನ್ನೆಲ್ಲ ಅಟ್ಟಕ್ಕೆ ಹೊರಿಸಿ
ಕಾಗಿಣಾ ಉಕ್ಕುವುದನ್ನೇ ಕಾದಾಕೆ.
ಆ ವರ್ಷ ಹೊಳೆ ಉಕ್ಕಿತ್ತು ಕೂಡ;
ಮುಂದೆ ಯಾರಿಗೂ ವಾದಕ್ಕೆ ಜಾಗ ಉಳಿಯಲಿಲ್ಲ.

"ನೆತ್ತಿ ಮುಟ್ಟಿದ್ರ ಯಮ ಬಂದು ಅಂಗಳ ನೋಡಿ ಹೋದಂಗ.
ಇಕಿ ಸತ್ತಳಂತ ಬೆನ್ನಿಗಿ ಬಿದ್ದಾಕಿಗಿ ಸುದ್ದಿ ಮುಟ್ಟಸ್ರಿ.
ಖರೇ ಕಣ್ಣೀರು ಬೀಳಬೇಕು.
ಬಿದ್ದ ಮ್ಯಾಲ ಸುಳ್ಳಂತ ಹೇಳ್ರಿ."

ಬೆನ್ನಿಗೆ ಬಿದ್ದಾಕೆ ಸೇಡಂನ ರೇವಮ್ಮ ಚಿಗವ್ವ.
ಬೋರಮಾಳ ಸರವೊಂದರ ಸಲುವಾಗಿ
ಒಂಬತ್ತು ವರ್ಷದಿಂದ ಮಾತಿಲ್ಲ.
ನನಗೂ ಒಂಬತ್ತೇ.

ಹುಡುಗರ ಬಾಯಿಯ ಸಾವನ್ನು ಯಾರೂ ಒರೆಗೆ ಹಚ್ಚುವುದಿಲ್ಲವೆಂದು
ನನ್ನನ್ನೇ ಚಿತ್ತಾಪುರದಲ್ಲಿ ಪ್ಯಾಸೆಂಜರ್ ಹತ್ತಿಸಿದರು.
ಜೊತೆಗೆ ಬಂದ ಮಲ್ಕಪ್ಪ ಕಾಕಾ
ಸೇಡಂ ಸ್ಟೇಷನ್ನಿನಲ್ಲೇ ಬೀಡಿ ಹಚ್ಚಿ ಕೂತ.

ಚಿಗವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು.
ಹೆಸರು ಕೇಳಲಿಲ್ಲ; ನನ್ನ ಮೂಗು ನೋಡಿ ಗುರುತು ಹಿಡಿದಳು.
ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ:
"ಅವ್ವ ಹೋದಳು."
"ಎಲ್ಲಿಗಿ?" ಅಂದಳು.
ಎಲ್ಲಿಗೆ ಅಂತ ಯಾರೂ ನನಗೆ ಕಲಿಸಿರಲಿಲ್ಲ.

ಮೊರ ಮಗುಚಿತು.
ಫರಸಿಯ ಮೇಲೆ ಬೇಳೆ ಉರುಳುವ ಸದ್ದು
ಇವತ್ತಿಗೂ ನನಗೆ ಅಳುವಿನ ಸದ್ದು.
"ಸರ ನನ್ನ ಹಂತ್ಯಾಕೇ ಇತ್ತಲ್ಲೇ ಅಕ್ಕಾ,
ಟ್ರಂಕಿನ್ಯಾಗೇ ಇತ್ತಲ್ಲೇ..."

ಆಮೇಲೆ ಹೇಳಬೇಕಾದ್ದು ಹೇಳಿದೆ.
ಕಪಾಳಕ್ಕೊಂದು ಬಿತ್ತು.
ಅದರ ಹಿಂದೆಯೇ ಬಿಸಿ ರೊಟ್ಟಿ, ಪುಂಡಿಪಲ್ಲೆ, ಎರಡು ಸಲ ಬೆಣ್ಣೆ.
ಹೊರಡುವಾಗ ಗದ್ದ ಹಿಡಿದು ಅಂದಳು:
"ನಾ ಅತ್ತೀನಂತ ಅಕಿಗಿ ಹೇಳಬ್ಯಾಡ. ಆಣಿ ಮಾಡು."
ಮಾಡಿದೆ. ಅವ್ವನ ಮೇಲೆಯೇ ಮಾಡಿದೆ,
ಬೇರೆ ಆಣೆ ನನಗೆ ಗೊತ್ತಿರಲಿಲ್ಲ.

ಮಳಖೇಡ ದಾಟುವವರೆಗೂ ಲೆಕ್ಕ ಹಾಕಿದೆ.
ಅತ್ತಳೆಂದರೆ ಆಣೆ ಮುರಿದು ಅವ್ವ ಸಾಯುತ್ತಾಳೆ,
ಅಳಲಿಲ್ಲವೆಂದರೆ ಕಾಗಿ ಮುಟ್ಟಿದ್ದಕ್ಕೆ ಸಾಯುತ್ತಾಳೆ.
ತಂತಿಯ ಮೇಲೆ ಸಾಲಾಗಿ ಕೂತಿದ್ದವು, ಮುಟ್ಟಿದ್ದು ಯಾವುದೋ,
ಎಲ್ಲವೂ ನನ್ನ ಕಡೆಗೇ ಕತ್ತು ಹೊರಳಿಸಿದ್ದವು.

"ಅಳಲಿಲ್ಲ," ಅಂದೆ ಮನೆಯಲ್ಲಿ.
ಅಜ್ಜಿ ಎದೆಗೆ ಕೈ ಇಟ್ಟಳು.
ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.
"ಒಂದು ಹನೀನೂ?"
"ಒಂದು ಹನೀನೂ."
ಊದುಗೊಳವೆ ಕೆಳಗಿಟ್ಟು ಅಳತೊಡಗಿದಳು.
ಹೊಗೆಯೆಂದು ಹೇಳುವ ಹಾಗೂ ಇರಲಿಲ್ಲ,
ಒಲೆ ಆರಿ ಬಹಳ ಹೊತ್ತಾಗಿತ್ತು.

ಅಜ್ಜಿ ಬಗ್ಗಿ, ಉಪ್ಪು ಕೊಳ್ಳುವವಳಂತೆ,
ಆ ಕಣ್ಣೀರನ್ನು ಬೆರಳಿಗೆ ಹಚ್ಚಿ ನೋಡಿದಳು.
"ಖರೇ ಅದ. ಯಾರದಾದ್ರೇನು?
ನೆಲಕ್ಕ ಬಿತ್ತಲ್ಲ. ಹೋಯ್ತು ಕಾಟ."

ಮುಂದಿನ ಯುಗಾದಿಗೆ ಸೇಡಂನಿಂದ ಶ್ಯಾವಿಗಿಯ ಡಬ್ಬಿ ಬಂತು,
ಶ್ಯಾವಿಗಿಯ ಬುಡದಲ್ಲಿ ಸರ.
ಯಾರೂ ಏನೂ ಅನ್ನಲಿಲ್ಲ.

ಅವ್ವ ಮೂವತ್ತೊಂದು ವರ್ಷ ಬದುಕಿದಳು.
ಹೋದ ಭಾದ್ರಪದದಲ್ಲಿ ಸೇಡಂಗೆ ಫೋನು ಹಚ್ಚಿದೆ.
"ಅವ್ವ ಹೋದಳು, ಚಿಗವ್ವಾ."
ಆ ಕಡೆ ಉಸಿರು. ಹಿಂದೆಲ್ಲೋ ಟೀವಿ.
ಆಮೇಲೆ, ನಗುವಿಗೆ ತೀರ ಹತ್ತಿರದ ದನಿಯಲ್ಲಿ:
"ಈ ಸಲ ಯಾವ ಕಾಗಿ ಮುಟ್ಟಿತೋ, ಖೋಡಿ?"

ಮಾಳಿಗಿಯ ಮೇಲೆ ಯಾವ ಹಕ್ಕಿಯೂ ಇರಲಿಲ್ಲ.
ಸ್ವಲ್ಪ ಹೊತ್ತು ಸುಮ್ಮನಿದ್ದೆ,
ಅಷ್ಟು ಹೊತ್ತು ಸೇಡಂನಲ್ಲಾದರೂ
ಅವ್ವ ಇರಲಿ ಎಂದು.